ಎಂಟನೇ ತರಗತಿಗೆ ಚರ್ಮದ ಪಾಠ

ಹನೂರು, ೯ ಜೂನ್ ೧೯೫೮, ಸೋಮವಾರ

ಪಾಠದ ಟಿಪ್ಪಣಿ ಬರೆಯಲೆಂದು ಕೊಂಡ ನೋಟ್‌ಬುಕ್ಕಿನಲ್ಲಿ ದಿನಚರಿ ಬರೆಯುತ್ತ ಕೂತಿದ್ದೇನೆ. ಹೆಡ್‌ಮಾಸ್ಟರು ನೋಡಿದರೆ ಬೈಯುತ್ತಾರೆ. ಅವರು ನೋಡುವುದಿಲ್ಲ, ಅವರಿಗೆ ಕನ್ನಡಕ ಹುಡುಕುವುದರಲ್ಲೇ ಅರ್ಧ ದಿನ ಕಳೆಯುತ್ತದೆ.

ಈ ವರ್ಷ ಎಂಟನೇ ತರಗತಿಯ ಶರೀರಶಾಸ್ತ್ರವನ್ನು ನನ್ನ ತಲೆಗೆ ಕಟ್ಟಿದ್ದಾರೆ. ನಾನು ಲೆಕ್ಕದ ಮೇಷ್ಟ್ರು. ಮೂಳೆ, ಮಾಂಸ ಎಂದರೆ ಮೂಗು ಮುಚ್ಚಿಕೊಳ್ಳುವ ಲಿಂಗಾಯತರ ಮನೆಯಲ್ಲಿ ಹುಟ್ಟಿದವನು. ಆದರೂ ಹೂಂ ಅಂದೆ. ಈ ಷಡಕ್ಷರಿ ಯಾವ ಪಾಠಕ್ಕೂ ಹೆದರುವವನಲ್ಲ ಎಂದು ಎಲ್ಲರಿಗೂ ಗೊತ್ತಾಗಲಿ.

ಸ್ಕೂಲಿನ ಬೀರುವಿನಲ್ಲಿ ಅಸ್ಥಿಪಂಜರದ ಪಟ ಸಿಕ್ಕಿತು. ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದ್ದು, ಎಲುಬುಗಳ ಹೆಸರೆಲ್ಲ ತಮಿಳಿನಲ್ಲಿವೆ. ನಾವು ಮೈಸೂರಿಗೆ ಸೇರಿ ಎರಡು ವರ್ಷವಾಗುತ್ತ ಬಂತು, ಪಾಪ ಈ ಆಸಾಮಿಗೆ ಯಾರೂ ತಿಳಿಸಿಲ್ಲ. ಮನೆಗೆ ತಂದೆ, ಹೆಂಡತಿ ರತ್ನ ಅಂಟು ಕಾಯಿಸಿಕೊಟ್ಟಳು. ನಾನು ಕನ್ನಡದ ಚೀಟಿ ಬರೆದು ತಮಿಳಿನ ಮೇಲೆ ಅಂಟಿಸುತ್ತ ಹೋದೆ. ಅವಳು ಪಕ್ಕದಲ್ಲಿ ಕೂತು, "ಇಷ್ಟೊಂದು ಮೂಳೆ ನಮ್ಮ ಒಳಗೆ ಅವಾ? ನಂಗೆ ಒಂದೂ ಗೊತ್ತೇ ಆಗಾಕಿಲ್ವಲ್ಲ" ಅಂದಳು. ನಮ್ಮ ಎರಡು ವರ್ಷದ ಪಾಪು ತಲೆಬುರುಡೆಯನ್ನು ನೋಡಿ "ತಾತ" ಎಂದಿತು. ಬಹಳ ನಕ್ಕೆವು. ಅವ್ವ ಮಾತ್ರ ಪಟವನ್ನು ಮನೆಯಿಂದ ಹೊರಗಿಡು ಎಂದು ಗದರಿದಳು.

೧೮ ಜೂನ್, ಬುಧವಾರ

ಪಟ ತೂಗುಹಾಕಲು ಗೋಡೆಗೆ ಮೊಳೆ ಹೊಡೆಯುತ್ತಿದ್ದೆ. ಸುತ್ತಿಗೆ ಇರಲಿಲ್ಲ, ಕಲ್ಲಿನಲ್ಲೇ ಹೊಡೆದೆ. ಕಲ್ಲು ಜಾರಿ ಎಡಗೈಯ ಕಿರುಬೆರಳಿನ ಮೇಲೆ ಬಿತ್ತು. ಉಗುರು ಸೀಳಿ ರಕ್ತ ಗೋಡೆಗೆ ಹತ್ತಿತು. ಮಕ್ಕಳೆಲ್ಲ ಎದ್ದು ನಿಂತುಬಿಟ್ಟರು. ಮುಂದಿನ ಬೆಂಚಿನ ಚೆಲುವಮ್ಮ, "ಸಾ, ನೋಯ್ತಿಲ್ವಾ ಸಾ?" ಅಂದಳು.

ನಿಜ ಹೇಳಬೇಕೆಂದರೆ ಹೇಳಿಕೊಳ್ಳುವಂಥ ನೋವೇನೂ ಆಗಲಿಲ್ಲ. ಮುಖ ಕಿವುಚದೆ ಬೆರಳಿಗೆ ಬಟ್ಟೆ ಸುತ್ತಿ, ಕಿರುಬೆರಳಿನಲ್ಲಿ ಮೂರು ಎಲುಬು, ಹೆಬ್ಬೆರಳಿನಲ್ಲಿ ಎರಡೇ ಎಂದು ಪಾಠ ಮುಂದುವರಿಸಿದೆ. ಮೇಷ್ಟ್ರೆಂದರೆ ಹೀಗಿರಬೇಕು ಎಂದು ಮಕ್ಕಳು ಅಂದುಕೊಂಡಿರಬೇಕು. ನಾನೂ ಅಂದುಕೊಂಡೆ.

೩೦ ಜೂನ್, ಸೋಮವಾರ

ಬೆಳಿಗ್ಗೆ ಪೂಜೆಯಲ್ಲಿ ಒಂದು ವಿಶೇಷ ನಡೆಯಿತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ನೀರೆರೆದೆ, ವಿಭೂತಿ ಹಚ್ಚಿದೆ, ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಕೈಯಲ್ಲಿ ಲಿಂಗವಿದೆ ಎನ್ನುವುದೇ ಮರೆತುಹೋಯಿತು. ಅಂಗೈಯ ಅಂಚಿನಲ್ಲಿ ಇಳಿಯುವ ನೀರು ತಣ್ಣಗಿದೆಯೆಂದೂ ತಿಳಿಯಲಿಲ್ಲ. ಕೈಯೇ ಇಲ್ಲದಂತಿತ್ತು. ಮಠದ ಅಯ್ಯನವರು ಹೇಳುತ್ತಿದ್ದ ಏಕಾಗ್ರತೆ ಇದೇ ಇರಬೇಕು. ಅವರಿಗೆ ಅರವತ್ತು ವರ್ಷಕ್ಕೆ ಬಂದದ್ದು ನನಗೆ ಮೂವತ್ತೊಂದಕ್ಕೇ ಬಂತೆ?

ಅವ್ವನಿಗೆ ಹೇಳಿದೆ. ಅವಳ ಕಣ್ಣಲ್ಲಿ ನೀರು ಬಂತು.

೧೨ ಜುಲೈ, ಶನಿವಾರ

ಚರ್ಮದ ಪಾಠ. ಮನುಷ್ಯನ ಮೈಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಗ ಚರ್ಮವಂತೆ! ಗೊತ್ತೇ ಇರಲಿಲ್ಲ. ಹೊರಗಿನ ಪದರ ಸತ್ತದ್ದು, ಒಳಗಿನದು ಬದುಕಿರುವುದು. ಸ್ಪರ್ಶ, ಬಿಸಿ, ತಂಪು, ನೋವು, ಈ ನಾಲ್ಕು ಸುದ್ದಿಯನ್ನು ಚರ್ಮ ಮಿದುಳಿಗೆ ಮುಟ್ಟಿಸುತ್ತದೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರ ಕಣ್ಣು ಮುಚ್ಚಿಸಿ, ಇನ್ನೊಬ್ಬರ ಕೈಗೆ ರೇಷ್ಮೆ ಎಳೆ ಕೊಟ್ಟು ಎಲ್ಲಿ ಮುಟ್ಟಿದೆ ಹೇಳಿ ಎಂದು ಆಡಿಸಿದೆ. ಕಚಗುಳಿಗೆ ಕ್ಲಾಸೆಲ್ಲ ಗಲಾಟೆ. ಇಷ್ಟು ಒಳ್ಳೆಯ ಪಾಠ ನಾನು ಎಂದೂ ಮಾಡಿಲ್ಲ.

ಪುಸ್ತಕದ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ನಾಲ್ಕು ಸಾಲು ಇದ್ದವು. ಮೈಮೇಲೆ ಬಿಳುಪು ಮಚ್ಚೆ ಎದ್ದು, ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ ಅದು ಕುಷ್ಠದ ಗುರುತು, ರೋಗ ನರಕ್ಕೆ ಇಳಿದಿದೆ ಎಂದು ತಿಳಿಯಬೇಕು. ಮಕ್ಕಳಿಗೆ ಅದನ್ನು ಓದಿ ಹೇಳಲಿಲ್ಲ.

ಸಂಜೆ ರತ್ನ ಹಿತ್ತಲಲ್ಲಿ ಪಾಪುವಿಗೆ ನೀರು ಹುಯ್ಯುತ್ತಿದ್ದಳು. ಸೆರಗು ಸರಿದಿತ್ತು. ಬೆನ್ನ ಮೇಲೆ, ಕುತ್ತಿಗೆಯ ಕೆಳಗೆ, ಅಂಗೈಯಗಲದ ಬಿಳುಪು.

೧೪ ಜುಲೈ, ಸೋಮವಾರ

ಅವ್ವನಿಗೆ ನಾನು ಹೇಳಬೇಕಾಗಿಯೇ ಇರಲಿಲ್ಲ.

"ನಾನು ಉಗಾದಿಯಿಂದ ನೋಡ್ತಾನೇ ಇವ್ನಿ ಕಣ್ಲಾ," ಅಂದಳು. "ದೊಡ್ಡ ರೋಗ ಆಗಿದ್ರೆ ಅವ್ಳು ಈ ಒಸ್ಲು ಒಳಗೆ ಇರ್ಬಾರ್ದು. ಅವ್ರಪ್ಪನ ಮನೆಗೆ ಕಳ್ಸು. ಕೂಸು ನಮ್ತಾವೇ ಇರ್ಲಿ."

"ನೋಡೋಣ ತಡಿ ಅವ್ವ."

"ಏನ್ ನೋಡೋದು? ಊರೋರ್ಗೆ ತಿಳುದ್ರೆ ನಿನ್ನ ಇಸ್ಕೂಲ್ಗೆ ಮಕ್ಳ ಕಳಿಸ್ತಾರಾ?"

ರತ್ನಳಿಂದ ಪಾಪುವನ್ನು ಕೀಳುವುದೆಂದರೇನು? ನಾನು ಓದಿದವನು, ಪರೀಕ್ಷೆ ಮಾಡದೆ ಯಾವ ತೀರ್ಮಾನಕ್ಕೂ ಬರುವವನಲ್ಲ. ಕೊಳ್ಳೇಗಾಲಕ್ಕೆ ಚರ್ಮದ ಡಾಕ್ಟರು ತಿಂಗಳಿಗೊಂದು ಮಂಗಳವಾರ ಬರುತ್ತಾರಂತೆ. ಆದರೆ ನಮ್ಮೂರಿನ ಯಾರಾದರೂ ಅಲ್ಲಿ ನಮ್ಮನ್ನು ಕಂಡರೆ? ಮೊದಲು ನಾನೇ ನೋಡುತ್ತೇನೆ.

೨೦ ಜುಲೈ, ಭಾನುವಾರ

ಅವ್ವ ಪಾಪುವನ್ನು ಎತ್ತಿಕೊಂಡು ನೆಂಟರ ಮನೆಗೆ ಹೋಗಿದ್ದಳು. ರತ್ನಳನ್ನು ನಡುಮನೆಯಲ್ಲಿ ಬೆನ್ನು ಮಾಡಿ ಕೂರಿಸಿ ಕಣ್ಣು ಮುಚ್ಚು ಅಂದೆ. ಮೊದಲು ರೇಷ್ಮೆ ಎಳೆ.

"ಇಲ್ಲಿ," ಅಂದಳು. "ಇಲ್ಲಿ. ಇಲ್ಲೂವೆ." ನಗುತ್ತಿದ್ದಳು, ಮಕ್ಕಳ ಆಟವೆಂದುಕೊಂಡಿದ್ದಳು.

ಆಮೇಲೆ ಸೂಜಿ ತೆಗೆದುಕೊಂಡೆ. ಆಗ ನಗು ನಿಂತಿತು. ಯಾಕೆಂದು ಕೇಳಿದಳು. ಹೇಳಿದೆ. ಆಮೇಲೆ ತಾನೇ ಸೆರಗು ಸರಿಸಿ, "ಚುಚ್ಚಿ" ಅಂದಳು.

ಮಚ್ಚೆಯ ಒಳಗೆ ಇಪ್ಪತ್ತು ಸಲ ಚುಚ್ಚಿದೆ. ಹತ್ತೊಂಬತ್ತು ಸರಿ. ಹದಿನಾಲ್ಕನೆಯದನ್ನು ತಡವಾಗಿ ಹೇಳಿದಳು. ಅಳುತ್ತಿದ್ದಳು, ಅದಕ್ಕೇ ತಡವಾಗಿರಬಹುದು. ಆದರೆ ಇಪ್ಪತ್ತರಲ್ಲಿ ಒಂದು ಎಂದರೆ ಲೆಕ್ಕದಲ್ಲಿ ಸೊನ್ನೆಯಲ್ಲ. ಬರೆದಿಟ್ಟುಕೊಂಡೆ.

ಬೆನ್ನಿನಲ್ಲಿ ಸಣ್ಣ ಸಣ್ಣ ರಕ್ತದ ಚುಕ್ಕೆ ಎದ್ದಿದ್ದವು. ಒರೆಸಬೇಕೆನ್ನಿಸಿತು, ಒರೆಸಲಿಲ್ಲ. ಕೈ ತೊಳೆದುಕೊಂಡು ಬಂದೆ.

೨೪ ಜುಲೈ

ಸ್ಕೂಲಿಗೆ ಹೋದ ಮೇಲೆ ನೋಡಿದರೆ ಎಡಗಾಲಿನಲ್ಲಿ ಚಪ್ಪಲಿ ಇಲ್ಲ! ಎಲ್ಲಿ ಕಳಚಿ ಬಿತ್ತೋ ತಿಳಿಯದು. ಬಜಾರಿನ ಜಲ್ಲಿಯ ಮೇಲೆ ಒಂದೇ ಚಪ್ಪಲಿಯಲ್ಲಿ ಬಂದ ಮೇಷ್ಟ್ರನ್ನು ನೋಡಿ ಹೆಡ್‌ಮಾಸ್ಟರು ನಕ್ಕರು. ಮನೆಯ ಚಿಂತೆಯಲ್ಲಿ ಮುಳುಗಿದವನಿಗೆ ಕಾಲಿನ ಪರಿವೆ ಎಲ್ಲಿಂದ ಬರಬೇಕು?

೨ ಆಗಸ್ಟ್, ಶನಿವಾರ

ಅವಳ ತಟ್ಟೆ ಲೋಟ ಬೇರೆ ಮಾಡಿದ್ದಾಯಿತು. ಪಾಪು ಅವ್ವನ ಹತ್ತಿರ ಮಲಗುತ್ತದೆ. ಒಲೆಯ ಕೆಲಸ ಅವ್ವನದು. ಇದೆಲ್ಲ ಡಾಕ್ಟರು ನೋಡುವವರೆಗೆ ಮಾತ್ರ ಎಂದು ಅವಳಿಗೆ ಹೇಳಿದ್ದೇನೆ. ಇದರಲ್ಲಿ ತಪ್ಪೇನಿದೆ? ಆರೋಗ್ಯದ ಪುಸ್ತಕದಲ್ಲೂ ಹೀಗೇ ಬರೆದಿದೆ.

ಮಧ್ಯಾಹ್ನ ಹಸಿವಾಗಿತ್ತು. ಅವ್ವ ಹೊರಗೆ ಹೋಗಿದ್ದಳು. ನಾನೇ ಒಳಗೆ ಹೋಗಿ ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನು ಎಡಗೈಯಲ್ಲಿ ಅಂಚು ಹಿಡಿದು ಇಳಿಸಿದೆ. ಬಾಗಿಲಲ್ಲಿ ನಿಂತಿದ್ದ ಅವಳು ಕಿರುಚಿಕೊಂಡಳು.

"ಬುಡ್ರೀ! ಬುಡ್ರೀ ಪಾತ್ರೆಯ! ಕೈ ಬೇಯ್ತಾ ಅದೆ!"

ನಿಧಾನವಾಗಿ ಕೆಳಗಿಟ್ಟೆ. ಆಗ ಸುಟ್ಟ ವಾಸನೆ ಬಂತು. ಕಿರುಬೆರಳು, ಉಂಗುರಬೆರಳು, ಅಂಗೈಯ ಅಂಚು ಬಿಳಿಚಿಕೊಂಡಿದ್ದವು. ಅವಳು ಹತ್ತಿರ ಬಂದಳು, ಮುಟ್ಟಲಿಲ್ಲ. ನನ್ನ ಮುಖವನ್ನೇ ನೋಡುತ್ತ, "ನಿಮ್ಗೆ ಬಿಸಿ ಗೊತ್ತಾಗ್ಲಿಲ್ವಾ?" ಅಂದಳು.

"ಗೊತ್ತಾಗದೆ ಏನು? ಹೆಂಗಸರ ಹಾಗೆ ಕೂಗಿಕೊಳ್ಳಬೇಕಿತ್ತೇ?"

"ಆ ಕೈಯ ಒಂದ್ಸಲ ಡಾಕ್ಟ್ರಿಗೆ ತೋರ್ಸಿ ಕಣ್ರೀ."

ಎಷ್ಟು ಜಾಣತನ! ತನ್ನ ಬೆನ್ನಿನ ಮಾತನ್ನು ನನ್ನ ಕೈಗೆ ತಿರುಗಿಸುತ್ತಾಳೆ. ಹೊರಗೆ ಹೋಗು ಎಂದು ಗದರಿದೆ.

೧೧ ಆಗಸ್ಟ್, ಸೋಮವಾರ

ಬರೆಯಲು ಕೈ ಬರುತ್ತಿಲ್ಲ.

ಪೂಜೆಯ ಹೊತ್ತಿನಲ್ಲಿ ಲಿಂಗ ಅಂಗೈಯಿಂದ ಜಾರಿ ನೆಲಕ್ಕೆ ಬಿತ್ತು. ನಾನು ಕಣ್ಣು ಮುಚ್ಚಿದ್ದೆ. ಸದ್ದು ಕೇಳಿ ಕಣ್ಣು ಬಿಟ್ಟರೆ ಅಂಗೈ ಬರಿದಾಗಿತ್ತು. ಅದು ಯಾವಾಗ ಜಾರಿತೋ ತಿಳಿಯಲೇ ಇಲ್ಲ.

ಅವ್ವ ಅಡುಗೆಮನೆಯಿಂದ ಬಂದು ನೋಡಿದಳು. ಅಲ್ಲೇ ಗೋಡೆ ಹಿಡಿದು ಕುಸಿದು ಕೂತಳು. "ಲಿಂಗ ಕೈ ಬಿಟ್ಮ್ಯಾಲೆ..." ಅಂದಳು, ಮುಂದೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಲಿಂಗ ಬಿದ್ದರೆ ಪ್ರಾಣ ಬಿಡುತ್ತಿದ್ದರೆಂದು ನಮ್ಮ ಹಿರಿಯರು ಹೇಳುವುದನ್ನು ಕೇಳುತ್ತಲೇ ಬೆಳೆದವನು ನಾನು. ಸ್ವಲ್ಪ ಹೊತ್ತಾದ ಮೇಲೆ ಅವ್ವ ಎದ್ದು, ಹಿತ್ತಲ ಕಡೆ ಕೈ ತೋರಿಸಿ, "ಅವ್ಳು ಈ ಮನೇಲಿರೋ ಗಂಟ ಇನ್ನೂ ಏನೇನ್ ಬಿದ್ದದೋ" ಅಂದಳು.

ಸುಟ್ಟ ಗುಳ್ಳೆ ಒಡೆದು ಅಂಗೈ ಒದ್ದೆಯಾಗಿತ್ತು, ಅದಕ್ಕೇ ಜಾರಿತು. ಇದು ನನಗೆ ಗೊತ್ತು. ನಾನು ವಿಜ್ಞಾನ ಹೇಳಿಕೊಡುವ ಮೇಷ್ಟ್ರು, ಶಕುನ ನಂಬುವವನಲ್ಲ.

ಮಧ್ಯಾಹ್ನದ ಟಪಾಲಿಗೆ ಯಳಂದೂರಿನ ಮಾವನಿಗೆ ಕಾಗದ ಹಾಕಿದೆ. ಬಂದು ಕರೆದುಕೊಂಡು ಹೋಗಿ ಎಂದು.

೧೭ ಆಗಸ್ಟ್, ಭಾನುವಾರ

ಮಾವ ದೊಡ್ಡಮಾದಪ್ಪನವರು ಬಂದಿದ್ದರು. ಒಳಗೆ ಬರಲಿಲ್ಲ, ಜಗಲಿಯಲ್ಲೇ ನೀರು ಕುಡಿದರು. "ಓದ್ದೋರು ನೀವು, ನಿಮ್ಗಿಂತ ನಾನೇನ್ ಬಲ್ಲೆ ಅಳಿಯಂದ್ರೇ," ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. ಮುಂದಿನ ತಿಂಗಳು ಡಾಕ್ಟರು ಬರುವ ದಿನ ನೀವು ಅವಳನ್ನು ಕೊಳ್ಳೇಗಾಲಕ್ಕೆ ಕರೆತನ್ನಿ, ನಾನೂ ಬರುತ್ತೇನೆ, ತೋರಿಸೋಣ ಎಂದು ಒಪ್ಪಿಸಿದೆ.

ಹೊರಡುವಾಗ ಅವಳು ಪಾಪುವಿನ ಕಡೆ ಕೈ ಚಾಚಿದಳು. ಅವ್ವ ಕೊಡಲಿಲ್ಲ.

೧೯ ಆಗಸ್ಟ್

ಪಾಪು ಉಣ್ಣುತ್ತಿಲ್ಲ.

೨೦ ಆಗಸ್ಟ್

ಇವತ್ತೂ ಉಣ್ಣಲಿಲ್ಲ. ಹಿತ್ತಲ ಬಾಗಿಲ ಹತ್ತಿರ ಹೋಗಿ ನಿಲ್ಲುತ್ತದೆ.

೨೯ ಆಗಸ್ಟ್, ಶುಕ್ರವಾರ

ಕೈಯ ಎಲುಬುಗಳ ಪಾಠ, ಪುನರಾವರ್ತನೆ. ಎಲ್ಲರೂ ಕೈ ಎತ್ತಿ ಬೆರಳು ಅಗಲಿಸಿ, ಈಗ ಸೇರಿಸಿ ಎಂದೆ. ನಾನೂ ಎರಡು ಕೈ ಎತ್ತಿ ತೋರಿಸಿದೆ. ಚೆಲುವಮ್ಮ, "ಸಾ, ನಿಮ್ದು ಒಂದು ಬೆರಳು ಸೇರ್ಲಿಲ್ಲ ಸಾ" ಅಂದಳು. ಎಡಗೈ ಕಿರುಬೆರಳು ಹೊರಗೇ ನಿಂತಿತ್ತು, ಕೊಂಚ ಬಾಗಿಕೊಂಡು. ಸೇರಿಸಲು ನೋಡಿದೆ. ಬರಲಿಲ್ಲ. ಸುಟ್ಟದ್ದು ಇನ್ನೂ ಮಾಗಿಲ್ಲ, ಚರ್ಮ ಬಿಗಿದುಕೊಂಡಿದೆ.

ಮಕ್ಕಳೆಲ್ಲ ಸುಮ್ಮನೆ ನನ್ನ ಕೈಯನ್ನೇ ನೋಡುತ್ತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

೯ ಸೆಪ್ಟೆಂಬರ್, ಮಂಗಳವಾರ

ಕೊಳ್ಳೇಗಾಲದಿಂದ ಈಗ ತಾನೇ ಬಂದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಡಾಕ್ಟರ್ ಚಿನ್ನಸ್ವಾಮಿ ವಯಸ್ಸಾದವರು, ತಮಿಳು ಬೆರೆತ ಕನ್ನಡ. ಮಾವ ಅವಳನ್ನು ಕರೆತಂದಿದ್ದರು. ಡಾಕ್ಟರು ಅವಳ ಬೆನ್ನನ್ನು ಬೆಳಕಿಗೆ ತಿರುಗಿಸಿ ನೋಡಿದರು, ಉಗುರಿನಿಂದ ಒಂದು ಸಲ ಕೆರೆದರು, ಹತ್ತಿ ಮುಟ್ಟಿಸಿದರು. ಐದು ನಿಮಿಷವೂ ಆಗಲಿಲ್ಲ.

"ಇದು ಚಿಬ್ಬು," ಅಂದರು. "ಬೆವರಿಗೆ ಬರ್ತದೆ. ಊರಲ್ಲಿ ಅರ್ಧ ಜನಕ್ಕೆ ಉಂಟು. ಗಂಧಕದ ಮುಲಾಮು ಕೊಡ್ತೀನಿ, ಹಚ್ಚಿ."

ಮಾವ ಕಣ್ಣೊರೆಸಿಕೊಂಡರು. ಅವಳು ಸೆರಗು ಹೊದ್ದು ಹೊರಗೆ ಹೋದಳು, ನನ್ನ ಕಡೆ ತಿರುಗಲಿಲ್ಲ. ನನಗೆ ನಗು ಬಂದುಬಿಟ್ಟಿತು, ಅಷ್ಟು ಹಗುರವಾಗಿತ್ತು. ಪಾಪುವಿನ ಮುಖ ಕಣ್ಣ ಮುಂದೆ ಬಂತು. ಮುಲಾಮಿನ ಚೀಟಿಯನ್ನು ಎಡಗೈ ಚಾಚಿ ತೆಗೆದುಕೊಂಡೆ. ಚೀಟಿ ಬೆರಳ ಸಂದಿಯಿಂದ ಜಾರಿ ಕೆಳಗೆ ಬಿತ್ತು.

ಡಾಕ್ಟರು ಚೀಟಿಯನ್ನು ನೋಡಲಿಲ್ಲ. ನನ್ನ ಕೈಯನ್ನು ನೋಡಿದರು. "ಮೇಷ್ಟ್ರೇ, ಕೋಟು ತೆಗೀರಿ," ಅಂದರು.

ಮೊಳಕೈಯ ಹಿಂದೆ ಬೆರಳಿಟ್ಟು ಏನನ್ನೋ ಹೊರಳಿಸಿದರು. "ಸ್ಕೂಲಲ್ಲಿ ಪಾಠ ಮಾಡ್ತೀರಲ್ಲ, ಇದು ಏನು?"

"ನರ."

"ಎಷ್ಟು ದಪ್ಪ ಇರಬೇಕು?"

ನಾನು ಮುಟ್ಟಿ ನೋಡಿದೆ. ಹಗ್ಗದಂತೆ ಕೈಗೆ ಸಿಕ್ಕಿತು. ಇಷ್ಟು ದಿನ ಅಲ್ಲೇ ಇತ್ತು. ಮೊಳಕೈಯ ಮೇಲೆ ಒಂದು ಮಚ್ಚೆಯೂ ಇದೆಯಂತೆ, ಅವರು ಕನ್ನಡಿ ಹಿಡಿದು ತೋರಿಸಿದರು. ನನ್ನ ಬೆನ್ನು ನನಗೆ ಕಾಣದು, ನನ್ನ ಮೊಳಕೈಯ ಹಿಂಭಾಗವೂ ಕಾಣದು. ಹೆಂಡತಿಯದು ಮಾತ್ರ ಕಂಡಿತು.

ಇದು ಇನ್ನೊಬ್ಬರಿಗೆ ಅಂಟುವ ಬಗೆಯಲ್ಲ, ಮನೆ ಬಿಡಬೇಕಾಗಿಲ್ಲ, ಸ್ಕೂಲು ಬಿಡಬೇಕಾಗಿಲ್ಲ, ಮಾತ್ರೆಯನ್ನು ಮಾತ್ರ ವರ್ಷಗಟ್ಟಲೆ ತಪ್ಪಿಸದೆ ನುಂಗಬೇಕು ಎಂದರು. ಬೆರಳು ಉದುರುತ್ತದೆಯೇ ಎಂದು ಕೇಳಿದೆ. ಎರಡು ಸಲ ಕೇಳಬೇಕಾಯಿತು.

"ರೋಗದಿಂದ ಉದುರಲ್ಲ. ಗಾಯ ಆಗ್ತದೆ, ನಿಮಗೆ ಗೊತ್ತಾಗಲ್ಲ, ಕೀವು ಎಲುಬಿಗೆ ಇಳೀತದೆ, ಎಲುಬು ಸವೀತದೆ. ಅದಕ್ಕೆ ಒಂದೇ ದಾರಿ. ದಿನಾ ಸಂಜೆ ಯಾರಾದರೂ ನಿಮ್ಮ ಕೈಕಾಲು ತಿರುಗಿಸಿ ನೋಡಬೇಕು. ನೀವೇ ನೋಡ್ಕೋತೀನಿ ಅಂದ್ರೆ ನಾಲ್ಕು ದಿನಕ್ಕೆ ಬಿಟ್ಟುಬಿಡ್ತೀರಿ, ಎಲ್ಲರೂ ಹಂಗೇ. ಮನೇಲಿ ಯಾರಿದ್ದಾರೆ?"

ಕಿಟಕಿಯಲ್ಲಿ ಮಾವ ಮತ್ತು ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದುಹೋಗುವುದು ಕಾಣುತ್ತಿತ್ತು.

೧೦ ಸೆಪ್ಟೆಂಬರ್

ಅವ್ವನಿಗೆ ಹೇಳಿಲ್ಲ. ಚಿಬ್ಬು ಎಂದಷ್ಟೇ ಹೇಳಿದೆ. "ಡಾಕ್ಟ್ರು ಸುಳ್ಳೇಳಿರ್ತಾನೆ" ಅಂದಳು.

೨೧ ಸೆಪ್ಟೆಂಬರ್, ಭಾನುವಾರ

ಬೆಳಿಗ್ಗೆ ಅವ್ವ ಸಾರಿಸಿದ ನೆಲದ ಮೇಲೆ ಕೆಂಪು ಹೆಜ್ಜೆ. ಬಚ್ಚಲಿನಿಂದ ಪೂಜೆಯ ಮಣೆಯವರೆಗೆ. "ಯಾರ್ ಕಾಲ್ಲಾ ಇದು?" ಅಂದಳು. ಇಬ್ಬರೂ ಹೆಜ್ಜೆಯ ಜಾಡು ಹಿಡಿದು ನೋಡುತ್ತ ಬಂದೆವು. ಅದು ನನ್ನ ಎಡಗಾಲಿನ ಹತ್ತಿರ ಬಂದು ನಿಂತಿತು. ಅಂಗಾಲಿನಲ್ಲಿ ಎರಡು ಬೆರಳು ಇಳಿಯುವಷ್ಟು ಹುಣ್ಣು. ಎಷ್ಟು ದಿನದ್ದೋ. ವಾಸನೆ ಹಿಡಿದಿತ್ತು.

ಆಗ ಎಲ್ಲ ಹೇಳಿಬಿಟ್ಟೆ.

ಅವ್ವ ಕಂಬಕ್ಕೆ ಒರಗಿ ಕೂತಳು. ಆಮೇಲೆ, "ಯಾರ್ಗೂ ಯೋಳ್ಬ್ಯಾಡ ಮಗ," ಅಂದಳು. ಹೊಸ್ತಿಲಿನ ಮಾತು ಎತ್ತಲಿಲ್ಲ. ದಿನಾ ಸಂಜೆ ಕಾಲು ನೋಡುತ್ತೀಯಾ ಎಂದು ಕೇಳಿದೆ. ಅಳುತ್ತ ಮುಖ ಆಚೆ ತಿರುಗಿಸಿದಳು. "ನನ್ ಕೈಲಿ ಆಗಾಕಿಲ್ಲ ಕಣಪ್ಪ. ನೋಡಕಾಗಾಕಿಲ್ಲ."

ಪೂಜೆ ಮಾಡಲಿಲ್ಲ. ಮಾತ್ರೆ ನುಂಗಿದೆ. ನನಗೆ ಭಯವಾಗುತ್ತಿದೆ. ಈ ಮಾತನ್ನು ಇಲ್ಲಿಯವರೆಗೆ ಎಲ್ಲೂ ಬರೆದಿರಲಿಲ್ಲ.

೨೮ ಸೆಪ್ಟೆಂಬರ್, ಭಾನುವಾರ

ಪಾಪುವನ್ನು ಎತ್ತಿಕೊಂಡು ಮೊದಲ ಬಸ್ಸಿಗೆ ಯಳಂದೂರಿಗೆ ಹೋದೆ. ಮಾವ ಕೂರಿ ಎನ್ನಲಿಲ್ಲ. ರತ್ನ ಹೊರಗೆ ಬಂದಳು. ಪಾಪು ಅವಳನ್ನು ನೋಡಿ ನನ್ನ ಹೆಗಲಿಗೆ ಮುಖ ಒತ್ತಿಕೊಂಡಿತು. ಆರು ವಾರಕ್ಕೆ ಹೆತ್ತವಳು ಹೊರಗಿನವಳಾಗಿದ್ದಳು. ಅವಳು ಕರೆಯಲಿಲ್ಲ, ಅಲ್ಲೇ ಕಾದು ನಿಂತಳು. ಆಮೇಲೆ ಅದೇ ನಿಧಾನವಾಗಿ ಕೈ ಚಾಚಿತು.

ಮಾವ ಮಗುವಿಗೆ ಹಾಲು ತರುತ್ತೇನೆಂದು ಎದ್ದು ಹೋದರು. ನಾನು ಹೇಳಲು ಶುರು ಮಾಡಿದೆ. "ರತ್ನ, ಅದು ನಿನಗಲ್ಲ, ನನಗೇ..."

"ಗೊತ್ತು," ಅಂದಳು.

"ಯಾವಾಗಿಂದ?"

"ಪಾತ್ರೆ ಇಡ್ಕಂಡ್ರಲ್ಲ, ಆವತ್ತಿಂದ. ಯೋಳುದ್ರೆ ಕೇಳಿದ್ರಾ?"

ಡಾಕ್ಟರು ಹೇಳಿದ್ದನ್ನು ಹೇಳಿದೆ. ತಪ್ಪಾಯಿತು ಎಂದೆ. ಮಗುವನ್ನು ಕೆಳಗಿಳಿಸಿ, "ಕಾಲು ಚಾಚಿ" ಅಂದಳು. ಎಡಗಾಲಿನ ಕಟ್ಟು ಬಿಚ್ಚಿ ನೋಡಿ ಮತ್ತೆ ಕಟ್ಟಿದಳು. ಬಲಗಾಲಿಗೆ ಏನೂ ಆಗಿಲ್ಲ ಎಂದೆ. ಅವಳು ಕೇಳಿಸಿಕೊಳ್ಳದೆ ಆ ಚಪ್ಪಲಿಯನ್ನು ಕಳಚಲು ಹೋದಳು. ಅದು ಬರಲಿಲ್ಲ. ಅಟ್ಟೆಯ ಮೊಳೆ ಹಿಮ್ಮಡಿಗೆ ಇಳಿದುಹೋಗಿತ್ತು. ಹನೂರಿನಿಂದಲೇ ಇತ್ತೋ, ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸುವಾಗ ಹೊಕ್ಕಿತೋ. ಅವಳು ನನ್ನ ಮುಖ ನೋಡುತ್ತಲೇ ಮೊಳೆಯನ್ನು ಎಳೆದಳು. ನನ್ನ ಮುಖದಲ್ಲಿ ಅವಳಿಗೆ ಏನೂ ಕಂಡಿರಲಾರದು.

ರಕ್ತ ಒರೆಸಿ, ಅರಿಸಿನ ಮೆತ್ತಿ, ಬಟ್ಟೆ ಸುತ್ತಿದಳು. ಕೈ ತೊಳೆದುಕೊಂಡು ಬಂದು ಕೂತಳು.

"ಬತ್ತೀನಿ," ಅಂದಳು. "ಕೂಸಿಗೋಸ್ಕರ ಬತ್ತೀನಿ. ದಿನಾ ಸಂಜೆ ನಿಮ್ಮ ಕೈ ಕಾಲು ನೋಡ್ತೀನಿ, ಒಂದಿನಾನೂ ತಪ್ಸಾಕಿಲ್ಲ. ಆದ್ರೆ ನನ್ ಮೈಯ ಇನ್ಮ್ಯಾಕೆ ನೀವು ನೋಡ್ಕೂಡ್ದು. ಬೆನ್ನೂ ಇಲ್ಲ, ತೋಳೂ ಇಲ್ಲ. ನಾನು ಸಾಯೋ ಗಂಟ."

ಆಗಲಿ ಎಂದೆ.

ಮೂರು ಗಂಟೆಯ ಬಸ್ಸಿಗೆ ಹೊರಟೆವು. ಅವಳು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೆಂಗಸರ ಸೀಟಿನಲ್ಲಿ ಕೂತಳು, ಸೆರಗನ್ನು ಕುತ್ತಿಗೆಯವರೆಗೆ ಎಳೆದು ಹೊದ್ದಿದ್ದಳು. ನನಗೆ ಅವಳ ಹಿಂದಿನ ಸೀಟೇ ಸಿಕ್ಕಿತು. ಕೊಳ್ಳೇಗಾಲ ಬರುವವರೆಗೂ ಕಿಟಕಿಯ ಆಚೆಗೇ ನೋಡುತ್ತ ಕೂತೆ.